ಮರಳುಗಾಡಿನಲ್ಲಿ ಮಕ್ಕಳ ಬಿಡಾರ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ದುಬೈ, ಶಾರ್ಜಾ, ಅಬುಧಾಬಿಗಳಲ್ಲಿ ಸಂಸಾರ ಹೂಡಿರುವ ನಮ್ಮ ಜಿಲ್ಲೆಯ ಮಕ್ಕಳಿಂದ ಊರಿಗೆ ಬರುವ ಫೋನಿನಲ್ಲಿ ಈಚೆಗೆ ಒಂದು ಹೊಸ ಸುದ್ದಿ ಇರುತ್ತದೆ. "ಈ ಶನಿವಾರ ಮಕ್ಕಳನ್ನು ಕರಕೊಂಡು ಮರುಭೂಮಿಗೆ ಹೋಗುತ್ತೇವೆ, ರಾತ್ರಿ ಅಲ್ಲೇ ಟೆಂಟು ಹಾಕಿ ಮಲಗುವುದು" ಎಂಬುದೇ ಆ ಸುದ್ದಿ. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಜಗಲಿಯಲ್ಲಿ ಕುಳಿತು ಇದನ್ನು ಕೇಳುವ ಅಜ್ಜಿಯ ಎದೆ ಝಲ್ಲೆನ್ನುವುದು ಸಹಜ. "ಅಲ್ಲ ಮಗಾ, ಎರಡು ವರ್ಷದ ಕೂಸನ್ನು ಆ ಹೊಯಿಗೆಯ ನಡುವೆ ಕೊಂಡುಹೋಗಿ ಮಲಗಿಸುವುದೆಂದರೆ ಎಂಥ ಮರುಳು?" ಎಂದು ಆಕೆ ಕೇಳುತ್ತಾಳೆ. ಅತ್ತ ಕಡೆಯಿಂದ ನಗು ಕೇಳಿಸುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಆದರೆ ಅಜ್ಜಿಯ ಪ್ರಶ್ನೆ ನಕ್ಕು ತಳ್ಳಿಹಾಕುವಂಥದ್ದಲ್ಲ. ಮರುಭೂಮಿ ಮಕ್ಕಳಿಗೆ ಕೊಡುವುದು ಬಹಳ. ಎಚ್ಚರ ತಪ್ಪಿದರೆ ಕಸಿದುಕೊಳ್ಳುವುದೂ ಅಷ್ಟೇ ಬೇಗ. ಹೋಗುವವರಿಗೂ ಇಲ್ಲಿ ಕುಳಿತು ಕಾಯುವವರಿಗೂ ಈ ಎರಡೂ ಮುಖಗಳು ತಿಳಿದಿರಬೇಕು.

ಅಂದಿನ ಪೇರ್ಷಿಯಾ, ಇಂದಿನ ಪ್ರವಾಸ

ನಮ್ಮ ಹಳಬರ ಬಾಯಲ್ಲಿ ಆ ನಾಡಿಗೆ ಪೇರ್ಷಿಯಾ ಎಂದೇ ಹೆಸರು. 1960ರ ದಶಕದಲ್ಲಿ ಪತ್ತೇಮಾರಿ ಏರಿ ಹೋದವರು ಖೋರ್‌ಫಕ್ಕಾನಿನ ಕಡಲಕರೆಯಲ್ಲಿ ಇಳಿದು, ಬೆಟ್ಟ ಬಯಲುಗಳನ್ನು ದಾಟಿ ಕೆಲಸವಿರುವ ಪೇಟೆ ಸೇರುತ್ತಿದ್ದರು. ಆ ತಲೆಮಾರಿಗೆ ಮರಳುಗಾಡೆಂದರೆ ಬಾಯಾರಿಕೆ, ದುಡಿಮೆ, ಒಂಟಿತನ. ಬೆನ್ಯಾಮಿನ್ ಅವರು 2008ರಲ್ಲಿ ಮಲಯಾಳದಲ್ಲಿ ಬರೆದ 'ಆಡುಜೀವಿತಂ' ಕಾದಂಬರಿ 2024ರಲ್ಲಿ ಸಿನಿಮಾ ಆಗಿ ಬಂದಾಗ ನಮ್ಮ ಪೇಟೆಗಳ ಟಾಕೀಸುಗಳಲ್ಲಿ ಕಣ್ಣೊರಸಿಕೊಂಡವರು ಬಹಳ ಮಂದಿ. ಅಂಥ ಜಾಗಕ್ಕೆ ಮೊಮ್ಮಕ್ಕಳು ಆಟಕ್ಕೆಂದು ಹೋಗುವುದು ಹಿರಿಯರಿಗೆ ಅರ್ಥವಾಗದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಆದರೆ ಆ ನೆಲದ ಮಕ್ಕಳಿಗೆ ಮರುಭೂಮಿ ಹೊಸತಲ್ಲ. ಎಣ್ಣೆಯ ಕಾಲಕ್ಕೆ ಮೊದಲು ಬೇಸಿಗೆಯಲ್ಲಿ ಗಂಡಸರು ಮುತ್ತು ತೆಗೆಯಲು ಕಡಲಿಗಿಳಿದರೆ, ಹೆಂಗಸರೂ ಮಕ್ಕಳೂ ಒಂಟೆಗಳ ಸಾಲಿನಲ್ಲಿ ಅಲ್ ಐನ್, ಲಿವಾ ಮುಂತಾದ ಖರ್ಜೂರದ ತೋಟಗಳ ತಂಪಿಗೆ ಸಾಗುತ್ತಿದ್ದರು. ಅಬುಧಾಬಿಯಿಂದ ಅಲ್ ಐನ್‌ಗೆ ಈಗ ಕಾರಿನಲ್ಲಿ ಒಂದೂವರೆ ತಾಸಿನ ದಾರಿ. ಅಂದು ಅದು ಹಲವು ದಿನಗಳ ಪ್ರಯಾಣ. ಬಿಸಿಲು ಏರುವ ಮುನ್ನ ನಡೆಯುವುದು, ನಡು ಹಗಲು ನೆರಳಿನಲ್ಲಿ ತಂಗುವುದು, ಇಳಿಹೊತ್ತಿಗೆ ಮತ್ತೆ ಹೊರಡುವುದು ಅವರ ಕ್ರಮ. ಮಕ್ಕಳನ್ನು ಕರೆದೊಯ್ಯುವವರು ಇಂದಿಗೂ ಕಲಿಯಬೇಕಾದ ಮೊದಲ ಪಾಠ ಇದೇ.

ಚಳಿಗಾಲದಲ್ಲಿ ಮನೆಮಂದಿಯೆಲ್ಲ ಮರಳಿಗೆ ಹೋಗಿ ಬಿಡಾರ ಹೂಡುವ ಪದ್ಧತಿಗೆ ಕುವೈತ್, ಸೌದಿ, ಕತಾರ್‌ಗಳಲ್ಲಿ 'ಕಷ್ತಾ' ಎನ್ನುತ್ತಾರೆ. ಎಮಿರೇಟ್ಸಿನಲ್ಲಿ 2022ರ ಜನವರಿಯಿಂದ ಶನಿವಾರ, ಭಾನುವಾರ ವಾರದ ರಜೆಯಾದ ಮೇಲೆ ಶನಿವಾರ ಹೋಗಿ ಭಾನುವಾರ ಮರಳುವ ರೂಢಿ ನಮ್ಮವರಲ್ಲೂ ಬೆಳೆದಿದೆ. ದುಬೈ-ಹತ್ತಾ ದಾರಿಯ ಕೆಂಪು ದಿಣ್ಣೆಗಳು, ಶಾರ್ಜಾದ ಮ್ಲೈಹಾ, ದೂರ ಹೋಗಬಲ್ಲವರಿಗೆ ಲಿವಾ ಹೆಸರಾದ ತಾಣಗಳು.

ಗಾಡಿಯ ವಿಚಾರ

ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲ ಹೋಗುವ ಗಾಡಿ ಇಲ್ಲದೆ ಮರಳಿಗೆ ಇಳಿಯುವಂತಿಲ್ಲ. ಜೀಪಿನಂಥ ದೊಡ್ಡ ಗಾಡಿಗಳೂ ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್ ಟ್ರಕ್ಕುಗಳೂ ಇದಕ್ಕೆ ಬಳಕೆಯಲ್ಲಿವೆ. ಟೆಂಟು, ನೀರಿನ ಕ್ಯಾನು, ಕಟ್ಟಿಗೆ, ಹಾಸಿಗೆ ಎಲ್ಲವನ್ನೂ ಹೊರುವುದರಿಂದ ಸಂಸಾರಸ್ಥರಿಗೆ ಪಿಕಪ್ ಅನುಕೂಲ. ಆದರೆ ಆ ತೊಟ್ಟಿ ಸಾಮಾನಿಗೆ ಮಾತ್ರ. ನಮ್ಮೂರಿನಲ್ಲಿ ಮದುವೆಗೂ ಜಾತ್ರೆಗೂ ಟೆಂಪೋದ ಹಿಂದೆ ನಿಂತು ಹೋಗಿ ಅಭ್ಯಾಸವಿರುವವರು "ಮರಳಿನಲ್ಲಿ ಬಿದ್ದರೆ ಏನಾಗುತ್ತದೆ" ಎಂದು ಮಕ್ಕಳನ್ನು ಅಲ್ಲಿ ಕೂರಿಸುವುದುಂಟು. ದಿಣ್ಣೆಯ ನೆತ್ತಿಯಲ್ಲಿ ಗಾಡಿ ಒಮ್ಮೆ ಕುಕ್ಕಿದರೆ ದೊಡ್ಡವರೇ ಹೊರಗೆ ಚಿಮ್ಮುತ್ತಾರೆ.

ಚಕ್ರದ ಗಾಳಿ ಇಳಿಸುವುದು ಮರಳು ಸವಾರಿಯ ಮೂಲಮಂತ್ರ. ಟಾರು ರಸ್ತೆಯಲ್ಲಿ 35 ಪೌಂಡಿನ ಆಸುಪಾಸಿನಲ್ಲಿರುವ ಗಾಳಿಯನ್ನು ಮರಳಿಗಿಳಿಯುವ ಮುಂಚೆ 15ರಿಂದ 18 ಪೌಂಡಿಗೆ ತರುತ್ತಾರೆ. ಆಗ ಟಯರು ಒಂಟೆಯ ಪಾದದಂತೆ ಅಗಲಿಸಿ, ಮರಳನ್ನು ಅಗೆಯದೆ ಅದರ ಮೇಲೆ ತೇಲುತ್ತದೆ. ಮರಳಿ ರಸ್ತೆಗೆ ಹತ್ತುವಾಗ ಸಣ್ಣ ಕಂಪ್ರೆಸರಿನಿಂದ ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ಹೆದ್ದಾರಿಯ ವೇಗಕ್ಕೆ ಹೋದರೆ ಟಯರು ಕಾದು ಒಡೆಯುತ್ತದೆ.

ದಿಣ್ಣೆಯ ಸ್ವಭಾವವನ್ನೂ ಅರಿತಿರಬೇಕು. ಗಾಳಿ ಬೀಸುವ ಬದಿ ನಿಧಾನವಾಗಿ ಏರುತ್ತದೆ, ಆಚೆಯ ಬದಿ 32-34 ಡಿಗ್ರಿ ಕಡಿದಾಗಿ ಇಳಿಯುತ್ತದೆ. ಏರುವವನಿಗೆ ನೆತ್ತಿಯ ಆಚೆ ಏನಿದೆಯೆಂದು ಕಾಣಿಸುವುದಿಲ್ಲ. ಏರುವುದಾದರೂ ಇಳಿಯುವುದಾದರೂ ನೇರ ಹೋಗಬೇಕು. ಅಡ್ಡಡ್ಡ ಸಾಗಿದ ಗಾಡಿ ಮಗುಚುತ್ತದೆ. ನಡು ಹಗಲಿನಲ್ಲಿ ನೆರಳು ಬೀಳದೆ ಮರಳೆಲ್ಲ ಒಂದೇ ಸಮನಾಗಿ ಕಾಣುವುದರಿಂದ ಆಗಲೇ ಅಪಾಯ ಹೆಚ್ಚು. ಕಡಲ ಬದಿಯ ತಗ್ಗುಗಳಲ್ಲಿ 'ಸಬ್ಖಾ' ಎಂಬ ಉಪ್ಪುನೆಲವಿರುತ್ತದೆ. ಮೇಲೆ ಗಟ್ಟಿ ಹೆಪ್ಪು, ಅಡಿಯಲ್ಲಿ ಕೆಸರು. ನಮ್ಮ ಕಂಬಳದ ಗದ್ದೆಯಲ್ಲಿ ಲಾರಿ ಇಳಿಸಿದಂತೆ ಗಾಡಿ ಅಲ್ಲಿ ಹೂತುಹೋಗುತ್ತದೆ.

ಒಂಟಿ ಗಾಡಿಯಲ್ಲಿ ಮಕ್ಕಳನ್ನು ಕರೆದೊಯ್ಯಬಾರದು. ಕನಿಷ್ಠ ಎರಡು ಗಾಡಿ, ಅದರಲ್ಲೊಬ್ಬ ಮರಳಿನಲ್ಲಿ ಪಳಗಿದ ಚಾಲಕ, ಸಲಿಕೆ, ಎಳೆಯುವ ಹಗ್ಗ, ಚಕ್ರದಡಿ ಹಾಸುವ ಹಲಗೆ ಇರಲೇಬೇಕು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಪೇಟೆಯಲ್ಲಿರುವ ಒಬ್ಬ ಗೆಳೆಯರಿಗೆ ಹೇಳಿಯೇ ಹೊರಡಬೇಕು. ಫೋನಿಗೆ ಸಿಗ್ನಲ್ ಸಿಗದ ಜಾಗಗಳು ದಿಣ್ಣೆಗಳ ನಡುವೆ ಬೇಕಾದಷ್ಟಿವೆ.

ಇನ್ನು ಕಾನೂನಿನ ಮಾತು. ಎಮಿರೇಟ್ಸಿನಲ್ಲಿ 2017ರಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಪ್ರತ್ಯೇಕ ಸುರಕ್ಷಾ ಸೀಟು ಕಡ್ಡಾಯ. ಹತ್ತು ವರ್ಷ ತುಂಬದವರನ್ನು, 145 ಸೆಂಟಿಮೀಟರಿಗಿಂತ ಗಿಡ್ಡ ಇರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸುವಂತಿಲ್ಲ. ದಿಣ್ಣೆ ಹಾರಿಸುವ ಸಾಹಸದ ಸವಾರಿಗೆ ಸಣ್ಣ ಮಕ್ಕಳನ್ನೂ ಗರ್ಭಿಣಿಯರನ್ನೂ ಅನೇಕ ಸಫಾರಿ ಕಂಪೆನಿಗಳು ಹತ್ತಿಸಿಕೊಳ್ಳುವುದಿಲ್ಲ. ಎಳೆಯ ಮಗುವಿನ ತಲೆ ಭಾರ, ಕೊರಳು ಮೆತ್ತಗೆ. ಕುಲುಕಾಟವನ್ನು ಆ ಕೊರಳು ತಡೆಯಲಾರದು. ಬಿಡಾರದ ಜಾಗಕ್ಕೆ ಮೆಲ್ಲನೆ ಹೋಗಿ ಮೆಲ್ಲನೆ ಬರುವುದು ಬೇರೆ, ದಿಣ್ಣೆಯ ಮೇಲೆ ಸರ್ಕಸ್ಸು ಮಾಡುವುದು ಬೇರೆ.

ಮಕ್ಕಳ ಮೈ ಬೇರೆ

ತಂದೆಗೆ ಹಿತವಾದ ಬಿಸಿಲು ಮಗುವಿಗೆ ಹಿತವಾಗಿರಬೇಕೆಂದಿಲ್ಲ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡದು, ಬೆವರುವ ಶಕ್ತಿ ಕಡಿಮೆ. ಹಾಗಾಗಿ ಅವರ ಮೈ ಬೇಗ ಕಾಯುತ್ತದೆ, ರಾತ್ರಿ ಬೇಗ ತಣಿಯುತ್ತದೆ. ಬಾಯಾರಿಕೆಯನ್ನು ಹೇಳಲು ಎರಡು ವರ್ಷದ ಮಗುವಿಗೆ ಮಾತು ಸಾಲದು, ಆರು ವರ್ಷದ ಮಗುವಿಗೆ ಆಟದ ಗುಂಗಿನಲ್ಲಿ ನೆನಪಾಗದು. ಆದುದರಿಂದ ಕೇಳಲಿ ಬಿಡಲಿ, ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ನೀರು ಕುಡಿಸಬೇಕು.

ತಲೆಗೆ ದಿನಕ್ಕೆ 5 ಲೀಟರಿನಂತೆ ನೀರು ಲೆಕ್ಕ ಹಾಕಿ, ಒಂದು ದಿನದ ಪ್ರವಾಸವಾದರೂ ಎರಡು ದಿನಕ್ಕೆ ಸಾಕಾಗುವಷ್ಟು ಒಯ್ಯುವುದು ಲೇಸು. ಗಾಡಿ ಹೂತರೆ ಕಾಪಾಡುವುದು ಆ ಎರಡನೆಯ ದಿನದ ನೀರು. ಎಲ್ಲ ನೀರನ್ನೂ ಒಂದೇ ಕ್ಯಾನಿನಲ್ಲಿ ತುಂಬಿಸದೆ ಎರಡು ಮೂರರಲ್ಲಿ ಹಂಚಿಡಬೇಕು. ಆರು ತಿಂಗಳೊಳಗಿನ ಶಿಶುವಿಗೆ ಹಾಲಿನ ಹೊರತು ನೀರು ಕುಡಿಸುವಂತಿಲ್ಲವಾದ್ದರಿಂದ ಅಂಥ ಕೂಸನ್ನು ಮರಳಿಗೆ ಒಯ್ಯದಿರುವುದೇ ವಿವೇಕ.

ಮಗುವಿನ ತುಟಿ ಒಣಗಿದ್ದರೆ, ಮೂತ್ರ ಕಡಿಮೆಯಾಗಿ ಹಳದಿಗಟ್ಟಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ ಮೈಯ ನೀರು ಬತ್ತುತ್ತಿದೆಯೆಂದು ತಿಳಿಯಬೇಕು. ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಕೊಡಬಹುದು. ಉಪ್ಪು ಹಾಕಿದ ತಿಳಿಗಂಜಿಯೂ ಆಗುತ್ತದೆ. ಮೈ ಕೆಂಡದಂತೆ ಸುಡುತ್ತ ಮಗು ಮಂಕಾದರೆ ಅದು ಬಿಸಿಲಾಘಾತ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈಯೆಲ್ಲ ಒರೆಸಿ ಗಾಳಿ ಹಾಕುತ್ತ ಆಸ್ಪತ್ರೆಗೆ ಧಾವಿಸಬೇಕು.

ಬಿಸಿಲಲ್ಲಿ ನಿಂತ ಗಾಡಿಯೊಳಗೆ ನಿದ್ದೆಯಲ್ಲಿರುವ ಮಗುವನ್ನು ಬಿಟ್ಟು ಟೆಂಟು ಹೊಡೆಯಲು ಹೋಗುವುದು ಎಂದೂ ಸಲ್ಲದು. ಗಾಜು ಮುಚ್ಚಿದ ಗಾಡಿಯ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು.

ರಾತ್ರಿಯ ಬಿಡಾರ

ಊರಿನವರಿಗೆ ನಂಬಲು ಕಷ್ಟವಾಗುವ ವಿಷಯವೆಂದರೆ ಅಲ್ಲಿಯ ಚಳಿ. ಹಗಲು 25 ಡಿಗ್ರಿ ಇದ್ದ ಜಾಗದಲ್ಲಿ ಡಿಸೆಂಬರ್, ಜನವರಿಯ ರಾತ್ರಿ 10 ಡಿಗ್ರಿಗೂ ಇಳಿಯುವುದುಂಟು. ಬೆಳಗಿನ ಜಾವ ಇಬ್ಬನಿ ಬಿದ್ದು ಟೆಂಟು ತೊಪ್ಪೆಯಾಗುತ್ತದೆ. ಮಡಿಕೇರಿಗೆ ಹೊರಟವರಂತೆ ಉಣ್ಣೆಯ ಟೊಪ್ಪಿ, ಕಾಲುಚೀಲ, ದಪ್ಪ ಕಂಬಳಿ ಒಯ್ಯಬೇಕು.

ಈ ಚಳಿಯೇ ದೊಡ್ಡದೊಂದು ಅನಾಹುತಕ್ಕೆ ದಾರಿ ಮಾಡಿಕೊಡುತ್ತದೆ. ಮಾಂಸವೋ ಜೋಳವೋ ಸುಟ್ಟು ಉಳಿದ ಇದ್ದಿಲ ಕೆಂಡವನ್ನು ಮಕ್ಕಳು ಬೆಚ್ಚಗಿರಲೆಂದು ಟೆಂಟಿನೊಳಗೆ ಇಟ್ಟುಕೊಳ್ಳುವವರಿದ್ದಾರೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರು ಎಚ್ಚರಗೊಳ್ಳದೆಯೇ ಸಾಯುತ್ತಾರೆ. ಟೆಂಟು ಬಟ್ಟೆಯದಾದರೂ ಅಪಾಯ ತಪ್ಪದು. ಎಂಜಿನ್ ಓಡಿಸಿಟ್ಟು ಗಾಡಿಯೊಳಗೆ ಮಲಗುವುದೂ ಇದೇ ಸಾಲಿಗೆ ಸೇರಿದ್ದು. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಬೆಂಕಿ ಹೊರಗೆ, ಮಕ್ಕಳು ಒಳಗೆ. ಮಲಗುವ ಮುನ್ನ ಬೆಂಕಿಯನ್ನು ನೀರು ಹಾಕಿ ನಂದಿಸಬೇಕು. ಮರಳು ಮುಚ್ಚಿದ ಕೆಂಡ ಗಂಟೆಗಟ್ಟಲೆ ಒಳಗೇ ಕಾದಿದ್ದು, ಬೆಳಗ್ಗೆ ಬರಿಗಾಲಲ್ಲಿ ಓಡಾಡುವ ಮಗುವಿನ ಪಾದವನ್ನು ಸುಡುತ್ತದೆ.

ಚೇಳು, ಹಾವುಗಳ ಭಯ ಚಳಿಗಾಲದಲ್ಲಿ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಅಲ್ಲಿಯ ದಪ್ಪ ಬಾಲದ ಕಪ್ಪು ಚೇಳಿನ ವಿಷ ದೊಡ್ಡವರಿಗಿಂತ ಮಕ್ಕಳಿಗೆ ಬಹಳ ಅಪಾಯಕಾರಿ. ಕೊಂಬಿನ ಮಂಡಲದ ಹಾವು ಮೈಯನ್ನು ಮರಳಿನಲ್ಲಿ ಹುದುಗಿಸಿ ಕಣ್ಣು ಮಾತ್ರ ಹೊರಗಿಟ್ಟು ಕಾದಿರುತ್ತದೆ. ಕತ್ತಲಾದ ಮೇಲೆ ಬರಿಗಾಲು ಬೇಡ. ಬೆಳಗ್ಗೆ ಬೂಟನ್ನು ಕೊಡವಿಯೇ ತೊಡಿಸಬೇಕು. ಕಟ್ಟಿಗೆ ರಾಶಿಗೆ ಮಕ್ಕಳು ಕೈಹಾಕಬಾರದು. ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿದು ಕಟ್ಟುವುದು, ಬಾಯಿಂದ ಹೀರುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು. ಎಮಿರೇಟ್ಸಿನಲ್ಲಿ ಪೊಲೀಸರಿಗೆ 999, ಆಂಬುಲೆನ್ಸಿಗೆ 998.

ದಾರಿ ತಪ್ಪಿದರೆ ಬನ್ನಿ ಮರ

ಚೇಳಿಗಿಂತಲೂ ಹೆಚ್ಚು ಹೆದರಬೇಕಾದದ್ದು ಮಗು ಕಣ್ತಪ್ಪಿಸಿ ಹೋಗುವುದಕ್ಕೆ. ಒಂದು ದಿಣ್ಣೆಯ ಆಚೆ ಇಳಿದ ಮಗುವಿಗೆ ಬಿಡಾರ ಕಾಣುವುದಿಲ್ಲ, ಕೂಗಿದರೂ ಕೇಳುವುದಿಲ್ಲ. ಗಾಳಿ ಬೀಸಿದರೆ ಹೆಜ್ಜೆ ಗುರುತೂ ಅಳಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1981ರಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಬೆಟ್ಟದಲ್ಲಿ ದಾರಿ ತಪ್ಪಿ ಅಲೆದು ತೀರಿಕೊಂಡ ಮೇಲೆ, ಅವನನ್ನು ಹುಡುಕಿದವರೇ ಸೇರಿ ಮಕ್ಕಳಿಗೊಂದು ಪಾಠ ರೂಪಿಸಿದರು. 'ಮರವನ್ನು ಅಪ್ಪಿಕೋ' ಎಂಬುದು ಅದರ ಹೆಸರು. ದಾರಿ ತಪ್ಪಿತೆಂದು ತಿಳಿದ ಕೂಡಲೇ ನಿಲ್ಲು, ಹತ್ತಿರದ ಮರದ ಬಳಿಯಲ್ಲೇ ಇರು, ಹುಡುಕುವವರು ಬರುತ್ತಾರೆ ಎಂಬುದೇ ಅದರ ಸಾರ.

ಮರಳುಗಾಡಿನಲ್ಲಿ ಅಪ್ಪಿಕೊಳ್ಳಲು ಮರವೆಲ್ಲಿ ಎಂದು ಕೇಳಬೇಡಿ. ಅಲ್ಲಿಯವರು 'ಗಾಫ್' ಎಂದು ಕರೆಯುವ ಮರ ಬೇರೇನಲ್ಲ, ನಾವು ವಿಜಯದಶಮಿಯಂದು ನೆನೆಯುವ ಬನ್ನಿ. ಪಾಂಡವರು ಅಜ್ಞಾತವಾಸದಲ್ಲಿ ಆಯುಧ ಬಚ್ಚಿಟ್ಟ ಶಮೀವೃಕ್ಷವೇ ಎಮಿರೇಟ್ಸಿನ ರಾಷ್ಟ್ರವೃಕ್ಷ. ಆಳಕ್ಕೆ ಬೇರಿಳಿಸಿ ಬೇಸಿಗೆಯಲ್ಲೂ ಹಸಿರಾಗಿ ನಿಲ್ಲುವ ಈ ಮರದ ನೆರಳಿನಲ್ಲಿ ಬದೂಯಿನರೂ ಒಂಟೆಗಳೂ ತಂಗುತ್ತ ಬಂದಿದ್ದಾರೆ. ಆ ದೇಶ 2019ನ್ನು ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಆರಿಸಿಕೊಂಡ ಲಾಂಛನವೂ ಇದೇ. ಅದರ ಕೊಂಬೆಯನ್ನು ಒಲೆಗಾಗಿ ಮುರಿಯುವುದು ತಪ್ಪು. ಕಟ್ಟಿಗೆಯನ್ನು ಪೇಟೆಯಿಂದಲೇ ಒಯ್ಯಬೇಕು.

ಮಗುವಿನ ಕೊರಳಿಗೆ ಒಂದು ಸೀಟಿ ಕಟ್ಟಿ. ಅಂಗಿ ಕೆಂಪೋ ಕಿತ್ತಳೆಯೋ ಇರಲಿ. ತಂದೆಯ ಫೋನ್ ಸಂಖ್ಯೆ ಬರೆದ ಚೀಟಿ ಕಿಸೆಯಲ್ಲಿರಲಿ. ಬಿಡಾರದ ಬದಿಯಲ್ಲಿ ಎತ್ತರದ ಕೋಲಿಗೆ ಬಾವುಟ ಕಟ್ಟಿ, "ಇದು ಕಾಣದ ಜಾಗಕ್ಕೆ ಹೋಗಬಾರದು" ಎಂದು ಮೊದಲೇ ಹೇಳಿಡಿ. ದೊಡ್ಡವರಲ್ಲಿ ಒಬ್ಬರ ಕಣ್ಣು ಸದಾ ಮಕ್ಕಳ ಮೇಲಿರುವಂತೆ ಪಾಳಿ ಹಂಚಿಕೊಳ್ಳಿ. ಎಲ್ಲರೂ ನೋಡುತ್ತಿದ್ದಾರೆಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ.

ಮರುಭೂಮಿಯಲ್ಲಿ ಮಳೆ

ಮಳೆನಾಡಿನಿಂದ ಹೋದ ನಮ್ಮವರು ಮೋಸ ಹೋಗುವುದು ಇಲ್ಲಿ. ನಾಲ್ಕು ಹನಿ ಬಿದ್ದರೆ ಸಂಭ್ರಮಿಸಿ 'ವಾದಿ' ಎಂದು ಕರೆಯುವ ಒಣ ತೋಡುಗಳ ಬಳಿ ಗಾಡಿ ಓಡಿಸುತ್ತಾರೆ. ಬೆಟ್ಟದಲ್ಲಿ ಸುರಿದ ಮಳೆ, ಕೆಳಗೆ ಬಿಸಿಲಿರುವಾಗಲೇ ಕಲ್ಲುಬಂಡೆ ಹೊತ್ತು ತೋಡಿನಲ್ಲಿ ನುಗ್ಗಿ ಬರುತ್ತದೆ. 2024ರ ಏಪ್ರಿಲ್ 16ರಂದು ಅಲ್ ಐನ್ ಕಡೆಯ ಒಂದು ಜಾಗದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಮಳೆ ಬಿದ್ದಿತು. ಅಲ್ಲಿ 1949ರಲ್ಲಿ ದಾಖಲೆ ಇಡಲು ತೊಡಗಿದ ಮೇಲೆ ಅಷ್ಟು ಮಳೆ ಸುರಿದದ್ದು ಅದೇ ಮೊದಲು. ಮಳೆಯ ಹೊತ್ತಿಗೆ ವಾದಿಗಳ ಬಳಿ ಸೇರುವವರಿಗೆ 1,000 ದಿರ್ಹಮ್, ನೆರೆಯ ವಾದಿಗೆ ಗಾಡಿ ಇಳಿಸುವವರಿಗೆ 2,000 ದಿರ್ಹಮ್ ದಂಡ ಹಾಕುವ ನಿಯಮ 2023ರಲ್ಲೇ ಬಂದಿದೆ. ಒಣ ತೋಡಿನ ನಡುವೆ ಬಿಡಾರ ಎಂದೂ ಬೇಡ.

ಮಕ್ಕಳಿಗೆ ಸಿಗುವುದೇನು?

ಇಷ್ಟೆಲ್ಲ ಕಷ್ಟಪಟ್ಟು ಹೋಗಬೇಕೇ ಎಂದು ಅಜ್ಜಿ ಕೇಳಿಯಾರು. ಹೋಗಬೇಕಾದ ಕಾರಣಗಳೂ ಇವೆ. ಹತ್ತನೆಯ ಮಹಡಿಯ ಎರಡು ಕೋಣೆಗಳಲ್ಲಿ ಬೆಳೆಯುವ ಮಗು, ಗದ್ದೆ ಬದುವಿನಲ್ಲಿ ಓಡಿದ ನಮ್ಮಂತೆ ಮಣ್ಣು ಮುಟ್ಟಲು ಬೇರೆ ಜಾಗವಿಲ್ಲ.

ಬೆಳಗಿನ ಮರಳು ದಿನಪತ್ರಿಕೆಯಿದ್ದಂತೆ. ರಾತ್ರಿ ಯಾರು ಯಾರು ಬಂದು ಹೋದರೆಂಬ ಸುದ್ದಿಯೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ದುಂಬಿಯ ಹೊಲಿಗೆಯಂಥ ಸಾಲು, ಹಲ್ಲಿಯ ಬಾಲದ ಗೀಟು, ನರಿಯ ಪಾದ. 1946ರಿಂದ 1948ರ ನಡುವೆ ಎರಡು ಬಾರಿ ರುಬ್ ಅಲ್ ಖಾಲಿಯ ಮಹಾ ಮರಳುಗಾಡನ್ನು ದಾಟಿದ ವಿಲ್ಫ್ರೆಡ್ ಥೆಸಿಗರ್, ತನ್ನೊಡನಿದ್ದ ಬದೂಯಿನರು ಹೆಜ್ಜೆ ನೋಡಿಯೇ ಒಂಟೆಯ ವಿಚಾರವೆಲ್ಲ ಹೇಳುತ್ತಿದ್ದುದನ್ನು ಬೆರಗಿನಿಂದ ಬರೆದಿದ್ದಾನೆ. ಮ್ಲೈಹಾದ ಬಂಡೆಗಳಲ್ಲಿ ಕಡಲ ಚಿಪ್ಪುಗಳ ಅಚ್ಚುಗಳಿವೆ. ಈ ಬೆಟ್ಟ ಒಂದು ಕಾಲಕ್ಕೆ ಕಡಲಡಿಯಲ್ಲಿತ್ತು ಎಂಬುದನ್ನು ಮಗು ಬೆರಳಿನಿಂದ ಮುಟ್ಟಿ ಕಲಿಯುತ್ತದೆ. ಅಲ್ಲೇ ಹತ್ತಿರದ ಫಾಯಾ ಬೆಟ್ಟದಲ್ಲಿ ಸಿಕ್ಕಿದ ಕಲ್ಲಿನ ಹತ್ಯಾರುಗಳು ಸುಮಾರು 1,25,000 ವರ್ಷ ಹಿಂದಿನವೆಂದು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಇನ್ನು ರಾತ್ರಿಯ ಆಕಾಶ. ಪೇಟೆಯ ಬೆಳಕಿನಿಂದ ದೂರ ಬಂದಾಗ ನಕ್ಷತ್ರಗಳು ತುಂಬಿ ತುಳುಕುತ್ತವೆ. ತೆಂಕು ದಿಕ್ಕಿನಲ್ಲಿ ತಗ್ಗಿನಲ್ಲಿ ಹೊಳೆಯುವ 'ಸುಹೈಲ್' ನಮ್ಮ ಅಗಸ್ತ್ಯ. ಆಗಸ್ಟ್ ಕೊನೆಗೆ ಅದು ಬೆಳಗಿನ ಜಾವ ಮೂಡಿದರೆ ಬಿಸಿಲಿನ ಉರಿ ಮುಗಿಯಿತೆಂದು ಅರಬರ ಲೆಕ್ಕ. ಅಲ್ಲಿಂದ ಹತ್ತು ಹತ್ತು ದಿನಗಳಂತೆ ವರ್ಷವನ್ನು ಎಣಿಸುವ ಪಂಚಾಂಗವೇ ಅವರಲ್ಲಿದೆ. ಅವರ 'ತುರಯ್ಯಾ' ನಮ್ಮ ಕೃತ್ತಿಕೆ, 'ಅಲ್ ದಬರಾನ್' ನಮ್ಮ ರೋಹಿಣಿ. ಆರ್ದ್ರಾ ನಕ್ಷತ್ರವನ್ನು ತೋರಿಸಿ, ಅದರ ಹೆಸರಿನ ಮಳೆಯಲ್ಲಿ ಊರಿನ ತೋಟ ಹೇಗಿರುತ್ತದೆಂದು ಹೇಳಿದರೆ ಮಗುವಿಗೆ ನಕ್ಷತ್ರವೂ ತಿಳಿಯಿತು, ಊರೂ ತಿಳಿಯಿತು, ಕನ್ನಡದ ನಾಲ್ಕು ಮಾತೂ ಬಂದವು. ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿ ಮಲಯಾಳ ಎಂದು ಬೆಳೆಯುವ ನಮ್ಮ ಮಕ್ಕಳಿಗೆ, ಫೋನು ಟಿವಿಗಳಿಲ್ಲದ ಅಂಥದೊಂದು ರಾತ್ರಿಯಲ್ಲಿ ಅಜ್ಜನ ಕತೆಯನ್ನು ಮನೆಮಾತಿನಲ್ಲಿ ಹೇಳಲು ಸಿಗುವ ಅವಕಾಶ ಸಣ್ಣದಲ್ಲ.

ಹೊರಡುವಾಗ ಒಂದು ಚೂರು ಪ್ಲಾಸ್ಟಿಕ್ಕನ್ನೂ ಬಿಡಬಾರದೆಂಬುದನ್ನು ಮಕ್ಕಳ ಕೈಯಿಂದಲೇ ಮಾಡಿಸಬೇಕು. ದುಬೈ ಸುತ್ತಿನಲ್ಲಿ 300ಕ್ಕೂ ಮಿಕ್ಕಿ ಒಂಟೆಗಳು ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಉಂಡೆಗಟ್ಟಿ ಸತ್ತಿರುವುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಪೇಟೆಯ ದನಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಡ ಎನ್ನುವ ಧೈರ್ಯ

ಮಗುವಿಗೆ ಜ್ವರವಿದ್ದರೆ, ವಾಂತಿ ಭೇದಿ ಇದ್ದರೆ, ದಮ್ಮಿನ ಕಾಯಿಲೆ ಇದ್ದು ಧೂಳಿನ ಗಾಳಿ ಎದ್ದಿದ್ದರೆ, ಜೊತೆಗಾಡಿ ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ, ಮೋಡ ಕಟ್ಟಿದ್ದರೆ ಪ್ರವಾಸ ನಿಲ್ಲಿಸಬೇಕು. ಏಪ್ರಿಲಿನಿಂದ ಅಕ್ಟೋಬರದವರೆಗೆ ಸಣ್ಣ ಮಕ್ಕಳೊಂದಿಗೆ ಮರಳಿನಲ್ಲಿ ಬಿಡಾರದ ಯೋಚನೆಯೇ ಬೇಡ. ಮೊದಲ ಸಲ ಹೋಗುವವರು ಟಾರು ರಸ್ತೆ ಕಾಣುವಷ್ಟು ಹತ್ತಿರದಲ್ಲೇ ಇಳಿಯಲಿ. ಮಗುವಿಗೆ ಅರ್ಧ ಮೈಲಿನ ಮರಳೂ ರುಬ್ ಅಲ್ ಖಾಲಿಯಷ್ಟೇ ದೊಡ್ಡದು. ದೂರ ಹೋಗುವ ಹಂಬಲ ದೊಡ್ಡವರದು.

ಊರಲ್ಲಿರುವ ಹಿರಿಯರಿಗೂ ಒಂದು ಮಾತು. ಮುಂದಿನ ಸಲ ಫೋನು ಬಂದಾಗ ಬರೇ ಬೇಡವೆನ್ನುವ ಬದಲು ಕೇಳಿ ನೋಡಿ. ಎಷ್ಟು ಗಾಡಿ? ಎಷ್ಟು ನೀರು? ಕೆಂಡ ಹೊರಗೇ ಇರುತ್ತದಲ್ಲ? ಕೂಸಿನ ಕೊರಳಲ್ಲಿ ಸೀಟಿ ಇದೆಯೇ? ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಹೋಗಿ ಬರಲೆಂದು ಹರಸಬಹುದು. ಒಂದಕ್ಕೆ ತಡವರಿಸಿದರೂ ಅಜ್ಜಿಯ ಗದರಿಕೆ ನ್ಯಾಯವಾದದ್ದೇ.